ದುಡ್ಡು ಕೊಟ್ಟು ಕೊಂಡ ಗೆಲುವನ್ನು ಬಲ ಅನ್ನಬೇಡಿ

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಶುರುವಾಗುವುದು ನವೆಂಬರ್ ಮೊದಲ ವಾರದಲ್ಲಿ. ಎರಡು ವಾರ ಕಳೆಯುವಷ್ಟರಲ್ಲಿ ಫೋನ್‌ಗಳಲ್ಲಿ ಪಟ್ಟಿಗಳು ಓಡಾಡುತ್ತವೆ. ಈ ತಂಡ ಐದಕ್ಕೆ ಐದು ಗೆದ್ದಿದೆ, ಆ ತಂಡ ಆರಕ್ಕೆ ಆರು ಗೆದ್ದಿದೆ, ಇವರನ್ನು ಹಿಡಿಯುವವರೇ ಇಲ್ಲ ಅಂತ. ನಾವು ನೇರವಾಗಿ ಹೇಳುತ್ತೇವೆ: ದೊಡ್ಡ ಕಾಲೇಜುಗಳ ಆ ಮೊದಲ ಗೆಲುವುಗಳಲ್ಲಿ ಎಷ್ಟೋ ಗೆಲುವು ದುಡ್ಡು ಕೊಟ್ಟು ತಂದದ್ದು.

ಇದು ಫಿಕ್ಸಿಂಗ್ ಅಲ್ಲ, ಎಲ್ಲವೂ ಕಾನೂನಿನ ಒಳಗೇ ಇದೆ. ದೊಡ್ಡ ಕಾಲೇಜು ಸಣ್ಣ ಕಾಲೇಜಿಗೆ ಹಣ ಕೊಡುತ್ತದೆ. ಸಣ್ಣವರು ದೊಡ್ಡವರ ಅಂಗಳಕ್ಕೆ ಬಂದು, ಅವರ ಜನರ ಮುಂದೆ ಆಡಿ, ಬಹುತೇಕ ಸೋತು ಹೋಗುತ್ತಾರೆ. ದೊಡ್ಡವರು ಸಣ್ಣವರ ಊರಿಗೆ ಹೋಗಿ ಆಡುವುದು ಅಪರೂಪ.

ನಮ್ಮ ಜಾತ್ರೆಯ ಕುಸ್ತಿಯಲ್ಲಿ ಜೋಡಿ ಕಟ್ಟುವಾಗ ಹಿರಿಯರು ತೂಕ ನೋಡುತ್ತಾರೆ, ವಯಸ್ಸು ನೋಡುತ್ತಾರೆ, ಎಷ್ಟು ಪಳಗಿದ್ದಾನೆ ಅಂತ ನೋಡುತ್ತಾರೆ. ಹೆಸರಾದ ಪೈಲ್ವಾನನ ಎದುರು ಹೈಸ್ಕೂಲ್ ಹುಡುಗನನ್ನು ನಿಲ್ಲಿಸಿದರೆ ಯಾರೂ ಶಿಳ್ಳೆ ಹೊಡೆಯುವುದಿಲ್ಲ, ಜೋಡಿ ಕಟ್ಟಿದವರನ್ನೇ ಬೈಯುತ್ತಾರೆ. ಬಾಸ್ಕೆಟ್‌ಬಾಲ್‌ನಲ್ಲಿ ಮಾತ್ರ ಅದೇ ಜೋಡಿಗೆ ಚಪ್ಪಾಳೆ ಯಾಕೆ?

2019ರ ನವೆಂಬರ್ 12ರ ಆಟ ನೋಡಿ. ಆಗ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದದ್ದು ಕೆಂಟಕಿ. ಎವನ್ಸ್‌ವಿಲ್ ಎಂಬ ಸಣ್ಣ ವಿಶ್ವವಿದ್ಯಾಲಯದ ತಂಡವನ್ನು 90,000 ಡಾಲರ್ ಕೊಟ್ಟು ತನ್ನ ಅಂಗಳಕ್ಕೆ ಕರೆಸಿಕೊಂಡಿತು. ನಮ್ಮ ದುಡ್ಡಿನಲ್ಲಿ ಆಗಲೇ 60 ಲಕ್ಷಕ್ಕೂ ಮೇಲೆ. ಬಂದವರು ಸೋಲಲಿಲ್ಲ. 67-64ರಿಂದ ಗೆದ್ದರು, ದುಡ್ಡನ್ನೂ ತೆಗೆದುಕೊಂಡು ಊರಿಗೆ ಹೋದರು.

ಕಥೆ ಇಲ್ಲಿಗೇ ನಿಲ್ಲಿಸಿದರೆ ಚೆನ್ನ. ಆದರೆ ಮುಂದೇನಾಯಿತು ಗೊತ್ತೇ? ದೇಶದ ಮೊದಲ ತಂಡವನ್ನು ಮಣಿಸಿದ ಅದೇ ಎವನ್ಸ್‌ವಿಲ್, ತನ್ನದೇ ಗುಂಪಿನ 18 ಲೀಗ್ ಆಟಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. ಕೆಂಟಕಿ ತನ್ನ ಗುಂಪಿನಲ್ಲಿ ಮೊದಲ ಸ್ಥಾನ ಪಡೆದು, 25 ಗೆಲುವು 6 ಸೋಲಿನೊಂದಿಗೆ ವರ್ಷ ಮುಗಿಸಿತು. ಒಂದು ರಾತ್ರಿಯ ಫಲಿತಾಂಶ ಎರಡೂ ತಂಡಗಳ ಬಗ್ಗೆ ತಪ್ಪು ಹೇಳಿತ್ತು.

ಹಾಗಾದರೆ ನವೆಂಬರ್ ಆಟಗಳಿಗೆ ಬೆಲೆಯೇ ಇಲ್ಲವೇ? ಇದೆ. ಆದರೆ ಅದನ್ನು ಓದುವ ರೀತಿ ಬೇರೆ. ಮೊದಲ ಮಳೆ ಬಂದಾಗ ರೈತ ಎಷ್ಟು ಹನಿ ಬಿತ್ತು ಅಂತ ಎಣಿಸುತ್ತಾ ಕೂರುವುದಿಲ್ಲ. ಮಣ್ಣು ಕೆದಕಿ, ಹಸಿ ಎಷ್ಟು ಆಳಕ್ಕೆ ಇಳಿದಿದೆ ಅಂತ ನೋಡುತ್ತಾನೆ.

ಹ್ಯೂಸ್ಟನ್ ತಂಡದ ಲೆಕ್ಕ ಕೆದಕಿ ನೋಡಿ. 2024ರ ನವೆಂಬರ್ ಮುಗಿದಾಗ ಅದು ಆಡಿದ್ದು ಏಳು ಆಟ, ಗೆದ್ದದ್ದು ನಾಲ್ಕು, ಸೋತದ್ದು ಮೂರು. ಪಟ್ಟಿ ಮಾತ್ರ ನೋಡುವವರಿಗೆ ಇದು ಮುಗಿದ ತಂಡ. ಆದರೆ ಸೋತದ್ದು ಯಾರಿಗೆ? ಆಬರ್ನ್‌ಗೆ ಐದು ಅಂಕದಿಂದ. ಅಲಬಾಮಾಗೆ ಹೆಚ್ಚುವರಿ ಅವಧಿಯಲ್ಲಿ. ಸ್ಯಾನ್ ಡಿಯಾಗೊ ಸ್ಟೇಟ್‌ಗೂ ಹೆಚ್ಚುವರಿ ಅವಧಿಯಲ್ಲೇ. ಮೂರೂ ಗಟ್ಟಿ ಎದುರಾಳಿಗಳು, ಮೂರೂ ಕೂದಲೆಳೆಯ ಸೋಲು. ಆ ತಂಡ ಮುಂದಿನ ಏಪ್ರಿಲ್‌ನಲ್ಲಿ ಫೈನಲ್‌ವರೆಗೆ ಹೋಯಿತು, ಫ್ಲೋರಿಡಾ ಎದುರು 65-63ರಲ್ಲಿ ಸೋತಿತು. ಇಡೀ ವರ್ಷದ ಲೆಕ್ಕ 35 ಗೆಲುವು, 5 ಸೋಲು. ಆ ಮೂರು ಸೋಲುಗಳು ಹೇಳಿದ ಸತ್ಯವನ್ನು ಬೇರೆ ತಂಡಗಳ ಕೊಂಡ ಗೆಲುವುಗಳು ಹೇಳಲಿಲ್ಲ.

ಈಗ ನಮ್ಮ ವೃತ್ತಿಯ ಮಾತಿಗೆ ಬರೋಣ. ನಾವು ಪತ್ರಿಕೋದ್ಯಮ ಓದಿದವರು, ಹಾಗಾಗಿ ಇದನ್ನು ಮುಚ್ಚಿಡುವಂತಿಲ್ಲ. ಅಲ್ಲಿ ಅಸೋಸಿಯೇಟೆಡ್ ಪ್ರೆಸ್ ಎಂಬ ಸುದ್ದಿಸಂಸ್ಥೆ ವಾರಕ್ಕೊಂದು ಪಟ್ಟಿ ಕೊಡುತ್ತದೆ. ಅದಕ್ಕೆ ಮತ ಹಾಕುವವರು ಕ್ರೀಡಾ ಪತ್ರಕರ್ತರು. ಮೊದಲ ಪಟ್ಟಿ ಬರುವುದು ಒಂದು ಆಟವೂ ನಡೆಯುವ ಮೊದಲೇ! ಅಂದರೆ ಹೋದ ವರ್ಷದ ಹೆಸರು, ಕಾಲೇಜಿನ ಪ್ರತಿಷ್ಠೆ, ಹೊಸ ಹುಡುಗರ ಬಗೆಗಿನ ಮಾತು, ಇವೇ ಬಂಡವಾಳ.

2022ರಲ್ಲಿ ಆ ಮೊದಲ ಪಟ್ಟಿಯ ತುದಿಯಲ್ಲಿದ್ದದ್ದು ನಾರ್ತ್ ಕ್ಯಾರೊಲೈನಾ. ಮೊದಲ ಐದು ಆಟ ಗೆದ್ದಿತು, ಪಟ್ಟಿಯಲ್ಲಿ ಅಲ್ಲೇ ಉಳಿಯಿತು. ಆ ಗೆಲುವುಗಳಲ್ಲೇ ಸುಳಿವಿತ್ತು: ಗಾರ್ಡ್ನರ್-ವೆಬ್ ಎಂಬ ಸಣ್ಣ ತಂಡದ ಎದುರು ತನ್ನ ಮನೆಯಂಗಳದಲ್ಲೇ ಗೆದ್ದದ್ದು ಬರೀ ಆರು ಅಂಕದಿಂದ. ಗೆಲುವಿನ ಕಾಲಂನಲ್ಲಿ ಒಂದು ಅಂಕಿ ಏರಿತು, ಸುಳಿವು ಮುಚ್ಚಿಹೋಯಿತು. ಆಮೇಲೆ ಅಯೋವಾ ಸ್ಟೇಟ್, ಅಲಬಾಮಾ, ಇಂಡಿಯಾನಾ, ವರ್ಜೀನಿಯಾ ಟೆಕ್, ಸಾಲಾಗಿ ನಾಲ್ಕು ಸೋಲು. ಮಾರ್ಚ್‌ನ 68 ತಂಡಗಳ ಟೂರ್ನಿಗೆ ಅದಕ್ಕೆ ಜಾಗವೇ ಸಿಗಲಿಲ್ಲ. 1985ರಲ್ಲಿ ಟೂರ್ನಿ 64 ತಂಡಗಳಿಗೆ ಹಿಗ್ಗಿದ ಮೇಲೆ, ವರ್ಷದ ಮೊದಲ ಪಟ್ಟಿಯಲ್ಲಿ ಒಂದನೆಯದಾಗಿದ್ದ ತಂಡವೊಂದು ಹೀಗೆ ಹೊರಗುಳಿದದ್ದು ಅದೇ ಮೊದಲು.

ಇದಕ್ಕೆ ಒಂದು ಉತ್ತರ ಬರುತ್ತದೆ, ಅದೂ ತೂಕದ್ದೇ: ಆ ಹಣ ಇಲ್ಲದಿದ್ದರೆ ಸಣ್ಣ ಕಾಲೇಜುಗಳ ಕ್ರೀಡಾ ವಿಭಾಗ ನಡೆಯುವುದು ಕಷ್ಟ. ಒಪ್ಪುತ್ತೇವೆ. ಸಣ್ಣವರು ಹಣ ತೆಗೆದುಕೊಳ್ಳಲಿ, ಅದು ಅವರ ಹೊಟ್ಟೆಪಾಡು. ನಮ್ಮ ಜಗಳ ಅವರ ಜೊತೆಗಲ್ಲ. ಹಣ ಕೊಟ್ಟವರು ಆ ಗೆಲುವನ್ನು ಎದೆಯ ಮೇಲೆ ಪದಕದಂತೆ ಹಾಕಿಕೊಳ್ಳುವುದಕ್ಕೆ, ನಮ್ಮ ವೃತ್ತಿಯವರು ಅದಕ್ಕೆ ಪಿನ್ ಚುಚ್ಚಿಕೊಡುವುದಕ್ಕೆ ನಮ್ಮ ತಕರಾರು.

ನಷ್ಟ ಯಾರಿಗೆ ನೋಡಿ. ಸಣ್ಣ ತಂಡದ ಹುಡುಗರು ನವೆಂಬರ್ ಪೂರ್ತಿ ಪರ ಊರಿನಲ್ಲಿ ಆಡಿ, ಸೋಲಿನ ಗಂಟು ಹೊತ್ತು ಬರುತ್ತಾರೆ. ಮಾರ್ಚ್ ಟೂರ್ನಿಗೆ ತಂಡ ಆರಿಸುವಾಗ ನವೆಂಬರ್ ಆಟವೂ ಲೆಕ್ಕಕ್ಕೆ ಬರುತ್ತದೆ. ಅಂಥ ತಂಡಗಳಲ್ಲಿ ಹೆಚ್ಚಿನವಕ್ಕೆ ಉಳಿಯುವ ದಾರಿ ಒಂದೇ, ತಮ್ಮ ಗುಂಪಿನ ಟೂರ್ನಿಯನ್ನೇ ಗೆಲ್ಲಬೇಕು. ಅಲ್ಲಿ ಒಂದು ರಾತ್ರಿ ಎಡವಿದರೆ ವರ್ಷವೇ ಮುಗಿಯಿತು. ದೊಡ್ಡವರಿಗೆ ಎಡವಿದರೂ ಎತ್ತಿ ನಿಲ್ಲಿಸಲು ನವೆಂಬರ್‌ನ ಗಂಟಿದೆ.

ಆದ್ದರಿಂದ ಮುಂದಿನ ನವೆಂಬರ್‌ನಲ್ಲಿ ಪಟ್ಟಿ ಬಂದಾಗ ಮೂರು ಪ್ರಶ್ನೆ ಕೇಳಿ. ಆಟ ಯಾರ ಅಂಗಳದಲ್ಲಿ ನಡೆಯಿತು? ಬಂದವರಿಗೆ ಹಣ ಕೊಟ್ಟು ಕರೆಸಿದ್ದೇ? ಅಂತರ ಎಷ್ಟು, ಕೊನೆಯ ಐದು ನಿಮಿಷ ಹೇಗಿತ್ತು? ಈ ಮೂರಕ್ಕೂ ಉತ್ತರ ಕೊಡದ ವರದಿ ವರದಿಯಲ್ಲ, ಜಾಹೀರಾತು. ಅಂಕದ ಪಕ್ಕದಲ್ಲಿ ಕೊಟ್ಟ ಹಣವನ್ನೂ ಅಚ್ಚು ಹಾಕಿ ಅಂತ ಬರೆಯುವವರನ್ನು ಒತ್ತಾಯಿಸಬೇಕು. ಆಮೇಲೆ ಯಾರು ಬಲಶಾಲಿ ಅನ್ನುವುದನ್ನು ಓದುಗರೇ ತೀರ್ಮಾನ ಮಾಡಿಕೊಳ್ಳುತ್ತಾರೆ.