ಹಾಡಿನ ನಡುವೆ ‘ಗುಂಯ್’ ಎನ್ನುವ ಸದ್ದು

ಶ್ರಾವಣ ಮಾಸ ಬಂದಿತೆಂದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ನಮ್ಮ ಮನೆಗಳಲ್ಲಿ ಸಂಜೆಯಾಗುತ್ತಲೇ ವಚನಗಾಯನ ಕೇಳಿಬರುತ್ತದೆ. ಸಿದ್ಧರಾಮ ಜಂಬಲದಿನ್ನಿಯವರ ಹಳೆಯ ಕ್ಯಾಸೆಟ್ಟುಗಳನ್ನು ಜೋಪಾನ ಮಾಡಿದ ಹಿರಿಯರು ಇಂದಿಗೂ ಇದ್ದಾರೆ. ಮೊಬೈಲಿನಿಂದ ಆಂಪ್ಲಿಫೈಯರಿಗೆ ವೈರು ಜೋಡಿಸಿ ಕೇಳುವ ಕಿರಿಯರೂ ಇದ್ದಾರೆ. ಆದರೆ ಎಷ್ಟೋ ಮನೆಗಳಲ್ಲಿ ಗಾಯಕರ ದನಿಗಿಂತ ಮೊದಲು ಕಿವಿಗೆ ಬೀಳುವುದು ಪೆಟ್ಟಿಗೆಯ ‘ಗುಂಯ್’ ಸದ್ದು.

ನಮ್ಮ ಮನೆಯಲ್ಲಿಯೂ ಹೀಗೆಯೇ ಆಯಿತು. ಪರಿಚಿತರೊಬ್ಬರು ಬಂದು, ಪ್ಲಗ್ಗಿನ ಮೂರನೆಯ ದಪ್ಪ ಪಿನ್ನಿಗೆ ಸೇರಿದ ವೈರನ್ನು ಬಿಡಿಸಿಬಿಟ್ಟರು. ಸದ್ದು ಥಟ್ಟನೆ ನಿಂತಿತು, ಎಲ್ಲರಿಗೂ ಸಂತೋಷವಾಯಿತು. ಕೆಲವು ದಿನಗಳ ನಂತರ ನಮ್ಮ ಸೊಸೆ ಹಸಿ ಬಟ್ಟೆಯಿಂದ ಪೆಟ್ಟಿಗೆ ಒರೆಸುವಾಗ ಕರೆಂಟು ಹೊಡೆದು ಹಿಂದಕ್ಕೆ ಬಿದ್ದಳು. ಪುಣ್ಯಕ್ಕೆ ಪ್ರಾಣಾಪಾಯವಾಗಲಿಲ್ಲ. ಈ ತಿಂಗಳು ಈ ವಿಷಯವನ್ನು ಎತ್ತಿಕೊಳ್ಳಲು ಅದೇ ಕಾರಣ.

ಈ ಸದ್ದು ಎಲ್ಲಿಂದ ಬರುತ್ತದೆ? ಮನೆಯ ವಿದ್ಯುತ್ತು 230 ವೋಲ್ಟಿನದು; ಸೆಕೆಂಡಿಗೆ 50 ಆವರ್ತನ ಅದರ ಲಯ. ಬದಲಾಗುವ ವಿದ್ಯುತ್ತು ಪಕ್ಕದ ತಂತಿಯಲ್ಲಿಯೂ ವಿದ್ಯುತ್ತನ್ನು ಹುಟ್ಟಿಸುತ್ತದೆಂದು ಮೈಕೇಲ್ ಫ್ಯಾರಡೆ 1831ರಲ್ಲಿಯೇ ತೋರಿಸಿಕೊಟ್ಟನು. ಮೈಕಿನ ವೈರಿನಲ್ಲಿ ಹರಿಯುವುದು ವೋಲ್ಟಿನ ಸಾವಿರದ ಕೆಲವು ಅಂಶಗಳಷ್ಟು ಮಾತ್ರ. ಅದರ ಪಕ್ಕದಲ್ಲಿಯೇ ಕರೆಂಟಿನ ವೈರು ಮಲಗಿದ್ದರೆ ಅಲ್ಲಿಯ ಮಿಡಿತ ಇಲ್ಲಿಯೂ ಸೇರುತ್ತದೆ. ಆಂಪ್ಲಿಫೈಯರು ಹಾಡಿನೊಂದಿಗೆ ಅದನ್ನೂ ಹಿಗ್ಗಿಸುತ್ತದೆ. ಫ್ಯಾನಿನ ರೆಗ್ಯುಲೇಟರು, ಟ್ಯೂಬ್‌ಲೈಟಿನ ಚೋಕು, ಮಿಕ್ಸರು, ಇನ್ವರ್ಟರು, ಪಂಪ್‌ಸೆಟ್ಟಿನ ಸ್ಟಾರ್ಟರು ಇವೆಲ್ಲ ಇಂಥ ಉಪದ್ರವದ ಮೂಲಗಳು.

ಮೊದಲು ಮೂಲವನ್ನು ಪತ್ತೆಹಚ್ಚಬೇಕು. ಆಂಪ್ಲಿಫೈಯರಿಗೆ ಬರುವ ಹಾಡಿನ ವೈರುಗಳನ್ನೆಲ್ಲ ಬಿಚ್ಚಿ ಕೇಳಿರಿ. ಆಗಲೂ ಗುಂಯ್‌ಗುಟ್ಟಿದರೆ ದೋಷ ಪೆಟ್ಟಿಗೆಯೊಳಗಿದೆ, ರಿಪೇರಿಯವರಿಗೆ ತೋರಿಸಬೇಕು. ನಿಂತರೆ ದೋಷ ವೈರಿನದು ಅಥವಾ ಆ ಕಡೆಯ ಯಂತ್ರದ್ದು. ಮೊಬೈಲನ್ನು ಚಾರ್ಜರಿನಿಂದ ತೆಗೆದಾಗ ಸದ್ದು ನಿಂತರೆ ಚಾರ್ಜರೇ ಕಾರಣ.

ಪರಿಹಾರಗಳು ಹೆಚ್ಚು ಖರ್ಚಿನವಲ್ಲ. ಹಾಡಿನ ವೈರನ್ನು ಕರೆಂಟಿನ ವೈರಿನಿಂದ ಒಂದೆರಡು ಅಡಿ ದೂರದಲ್ಲಿ ಎಳೆಯಿರಿ. ದಾಟಿಸಲೇಬೇಕಾದರೆ ಅಡ್ಡಲಾಗಿ ದಾಟಿಸಿರಿ, ಜೊತೆಜೊತೆಯಾಗಿ ಓಡಿಸಬೇಡಿರಿ. ಬೇಕಾದಷ್ಟೇ ಉದ್ದದ ವೈರು ಸಾಕು. ಒಳತಂತಿಯ ಸುತ್ತ ತಾಮ್ರದ ಜಾಲರಿ ಹೆಣೆದ ಶೀಲ್ಡ್ ವೈರನ್ನೇ ಕೊಳ್ಳಿರಿ. ಮೈಕಿಗೆ ದೂರ ಎಳೆಯುವುದಿದ್ದರೆ, ಎರಡು ತಂತಿಗಳನ್ನು ಹೊಸೆದು ಜಾಲರಿ ಹೊದಿಸಿದ, ಮೂರು ಪಿನ್ನಿನ ಬ್ಯಾಲೆನ್ಸ್ಡ್ ಕೇಬಲ್ ಉತ್ತಮ. ಎರಡೂ ತಂತಿಗಳಿಗೆ ತಗಲುವ ಉಪದ್ರವ ಸಮನಾಗಿರುವುದರಿಂದ ಆಂಪ್ಲಿಫೈಯರು ಅದನ್ನು ಪರಸ್ಪರ ಕಳೆದುಬಿಡುತ್ತದೆ.

ಇನ್ನು ನಮ್ಮ ಮನೆಯ ಪ್ರಸಂಗ. ಎರಡು ಯಂತ್ರಗಳು ಬೇರೆ ಬೇರೆ ಕಡೆ ಭೂಮಿಗೆ ಜೋಡಣೆಯಾಗಿ, ಹಾಡಿನ ವೈರಿನ ಜಾಲರಿಯ ಮೂಲಕವೂ ಕೂಡಿಕೊಂಡಾಗ ಒಂದು ಬಳಸು ದಾರಿ ಉಂಟಾಗುತ್ತದೆ. ಅದರಲ್ಲಿ ಹರಿಯುವ ಅಲ್ಪ ವಿದ್ಯುತ್ತೇ ಗುಂಯ್‌ಗುಡುತ್ತದೆ. ಅರ್ಥಿಂಗ್ ಬಿಡಿಸಿದರೆ ಸದ್ದು ನಿಲ್ಲುವುದು ನಿಜ. ಆದರೆ ಪೆಟ್ಟಿಗೆಯ ಮೈಗೆ ಕರೆಂಟು ತಗಲಿದ ದಿನ ಅದು ಮುಟ್ಟಿದವರ ದೇಹದ ಮೂಲಕವೇ ನೆಲಕ್ಕಿಳಿಯುತ್ತದೆ. ಎರಡೂ ಯಂತ್ರಗಳಿಗೆ ಒಂದೇ ಸ್ವಿಚ್‌ಬೋರ್ಡಿನಿಂದ ವಿದ್ಯುತ್ತು ಕೊಡುವುದೇ ಸರಿಯಾದ ಮಾರ್ಗ. ಅದಕ್ಕೂ ನಿಲ್ಲದಿದ್ದರೆ ಹಾಡಿನ ವೈರಿನ ನಡುವೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿಸಬಹುದು. ನಾವು ಅರ್ಥಿಂಗ್ ಮರಳಿ ಜೋಡಿಸಿ, ಎರಡನ್ನೂ ಒಂದೇ ಬೋರ್ಡಿಗೆ ತಂದೆವು, ಸದ್ದು ಅಡಗಿತು.

ಕುಷ್ಟಗಿ, ಯಲಬುರ್ಗಾದಂಥ ಒಣ ಸೀಮೆಯಲ್ಲಿ ಬೇಸಿಗೆಗೆ ಅರ್ಥಿಂಗ್ ಗುಂಡಿಯೂ ಒಣಗುತ್ತದೆ. ಒಣ ನೆಲದಲ್ಲಿ ವಿದ್ಯುತ್ತು ಸಲೀಸಾಗಿ ಇಳಿಯದು. ಇದ್ದಿಲು, ಉಪ್ಪು ತುಂಬಿದ ಆ ಗುಂಡಿಗೆ ಆಗಾಗ ನೀರು ಹಾಕಿರಿ. ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ ಎಂದು ಬಲ್ಲವರಿಂದ ನೋಡಿಸಿರಿ.

ತಾಯಂದಿರೂ ಯಜಮಾನರೂ ಒಂದು ಕೆಲಸ ಮಾಡಬೇಕೆಂದು ನಮ್ಮ ವಿನಂತಿ. ಇಂದೇ ಮನೆಯ ಪೆಟ್ಟಿಗೆಗಳ ಪ್ಲಗ್ಗುಗಳನ್ನು ಹೊರತೆಗೆದು ನೋಡಿರಿ. ಎಲ್ಲಿಯಾದರೂ ಮೂರನೆಯ ಪಿನ್ನು ಕತ್ತರಿಸಿದ್ದರೆ, ಮೊದಲು ಅದನ್ನು ಸರಿಪಡಿಸಿರಿ. ಹಾಡು ಆಮೇಲೆ ಕೇಳೋಣ.