ಗೃಹಾರೋಗ್ಯ: ಮೊಣಕಾಲ ಚಿಪ್ಪು ಒಡೆದರೆ

ಬಚ್ಚಲುಮನೆಯ ಕಲ್ಲು ಒದ್ದೆಯಾಗಿರುತ್ತದೆ. ಕೊಡವನ್ನೆತ್ತಿಕೊಂಡು ಬರುತ್ತಿದ್ದ ಗೃಹಿಣಿಯು ಜಾರಿ ಮೊಣಕಾಲೂರಿ ಬೀಳುತ್ತಾಳೆ. ಮನೆಯವರು ಓಡಿಬಂದು ವಿಚಾರಿಸಿದರೆ “ಏನೂ ಆಗಲಿಲ್ಲ” ಎಂದು ಕುಂಟುತ್ತ ಒಲೆಯ ಬಳಿಗೆ ಹೋಗುತ್ತಾಳೆ. ಸಂಜೆಯ ಹೊತ್ತಿಗೆ ಮಂಡಿಯು ಬಾತುಕೊಂಡಿರುತ್ತದೆ. ಹಿತೈಷಿಗಳು ಎಣ್ಣೆ ಕಾಯಿಸಿ ತಿಕ್ಕಲಾರಂಭಿಸುತ್ತಾರೆ. ಈ ತಿಕ್ಕುವಿಕೆಯಿಂದ ಎಷ್ಟು ಕೇಡಾಗಬಹುದೆಂಬುದನ್ನೂ, ಈಗಿನ ಶಸ್ತ್ರವೈದ್ಯವು ಎಷ್ಟು ಸೌಮ್ಯವಾಗಿದೆಯೆಂಬುದನ್ನೂ ಸೋದರಿಯರು ತಿಳಿದಿರುವುದು ಅವಶ್ಯಕ.

ಮೊಣಕಾಲ ಚಿಪ್ಪು ಕೀಲಿನ ಬರಿಯ ಮುಚ್ಚಳವಲ್ಲ. ಬಾವಿಯ ಹಗ್ಗಕ್ಕೆ ರಾಟೆಯು ಹೇಗೋ, ಕಾಲನ್ನು ನೆಟ್ಟಗೆ ಮಾಡುವ ತೊಡೆಯ ಮುಂಭಾಗದ ಮಾಂಸಖಂಡಗಳಿಗೆ ಇದು ಹಾಗೆ. ಚಿಪ್ಪು ಅಡ್ಡಲಾಗಿ ಎರಡು ಹೋಳಾದರೆ ಮೇಲಿನ ಹೋಳನ್ನು ಆ ಖಂಡಗಳು ಮೇಲಕ್ಕೆ ಸೆಳೆದು ನಡುವೆ ಸಂದು ಬೀಳುತ್ತದೆ. ಮಲಗಿದಾಗ ಮಂಡಿಯನ್ನು ಮಡಿಸದೆ ಹಿಮ್ಮಡಿಯನ್ನೆತ್ತಲು ಆಗದಿದ್ದರೆ ಅಪಾಯವೆಂದು ತಿಳಿಯತಕ್ಕದ್ದು. ಎತ್ತಲು ಬಂದರೂ ಎಕ್ಸ್‌ರೇ ಚಿತ್ರವಿಲ್ಲದೆ ನಿಶ್ಚಿಂತರಾಗಕೂಡದು. ಪಕ್ಕದ ನಾರುಗಳು ಹರಿಯದಿದ್ದರೆ ಚಿಪ್ಪೊಡೆದ ಕಾಲೂ ನಾಲ್ಕು ಹೆಜ್ಜೆ ನಡೆಯುವುದುಂಟು.

ಪೂರ್ವದಲ್ಲಿ ಇಂಥ ಕಾಲಿಗೆ ದಬ್ಬೆ ಕಟ್ಟಿ ಬಹುಕಾಲ ಮಲಗಿಸುತ್ತಿದ್ದರು. ಹೋಳುಗಳು ಅನೇಕವೇಳೆ ನಾರಿನಿಂದ ಮಾತ್ರ ಕೂಡಿ, ಕಾಲು ದುರ್ಬಲವಾಗಿ ಉಳಿಯುತ್ತಿತ್ತು. ಕೀಲನ್ನು ತೆರೆದರೆ ಕೀವು ತುಂಬಿ ಪ್ರಾಣಕ್ಕೇ ಸಂಚಕಾರವೆಂಬ ಭಯವಿತ್ತು. 1877ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಜೋಸೆಫ್ ಲಿಸ್ಟರ್ ಮಹಾಶಯನು ತನ್ನ ಕ್ರಿಮಿನಾಶಕ ಪದ್ಧತಿಯಿಂದ ಕೀಲನ್ನು ತೆರೆದು, ಹೋಳುಗಳನ್ನು ಬೆಳ್ಳಿಯ ತಂತಿಯಿಂದ ಬಂಧಿಸಿ ಆ ಭಯವನ್ನು ಹಿಂದೆಗೆಯಿಸಿದನು. ಇಪ್ಪತ್ತನೆಯ ಶತಮಾನದಲ್ಲಿ ಎರಡು ಸರಳುಗಳ ಸುತ್ತ ತಂತಿಯನ್ನು ಎಂಟರ ಅಂಕೆಯಂತೆ ಬಿಗಿಯುವ ಕ್ರಮವು ರೂಢಿಗೆ ಬಂದಿತು. ಮಂಡಿ ಮಡಿಸಿದಾಗ ಬೀಳುವ ಸೆಳೆತವೇ ಹೋಳುಗಳನ್ನು ಪರಸ್ಪರ ಒತ್ತುವುದು ಇದರ ವಿಶೇಷ.

ಆದರೆ ಇದಕ್ಕೆ ಮಂಡಿಯ ಮುಂದೆ ಉದ್ದವಾಗಿ ಕೊಯ್ಯಬೇಕು. ಈಗ ತಕ್ಕ ರೋಗಿಗಳಲ್ಲಿ ಕೆಲವೇ ಸಣ್ಣ ರಂಧ್ರಗಳಿಂದ ಕೆಲಸವು ನೆರವೇರುತ್ತದೆ. ಹೋಳುಗಳನ್ನು ಹೊರಗಿನಿಂದಲೇ ಇಕ್ಕಳದಿಂದ ಹಿಡಿದು ಕೂಡಿಸಿ, ಎಕ್ಸ್‌ರೇ ಪರದೆಯನ್ನು ನೋಡುತ್ತ ಟೊಳ್ಳು ತಿರುಪುಗಳನ್ನು ಹೊಗಿಸುತ್ತಾರೆ. ಅವುಗಳೊಳಗಿಂದ ತಂತಿಯನ್ನು ಹಾಯಿಸಿ ಬಿಗಿಯುವುದೂ ಉಂಟು. ಕೀಲಿನೊಳಗಣ ಮೈ ಸಮನಾಯಿತೇ ಎಂದು ಸಣ್ಣ ದರ್ಶಕನಳಿಗೆಯಿಂದ ನೋಡಬಹುದು. ಚರ್ಮಕ್ಕೂ ಮಾಂಸಕ್ಕೂ ಪೆಟ್ಟು ಕಡಿಮೆಯಾದ್ದರಿಂದ ಮೊದಲ ದಿನಗಳ ನೋವು ಕಡಿಮೆ; ಮಂಡಿಯನ್ನು ಬೇಗ ಆಡಿಸಲು ಸುಲಭ.

ಇದು ಎಲ್ಲರಿಗೂ ಸಲ್ಲುವುದೆಂದು ಭಾವಿಸಬಾರದು. ಹೋಳುಗಳು ಸರಿಯದೆ, ಕಾಲನ್ನು ನೆಟ್ಟಗೆ ಎತ್ತಲು ಬರುವಂತಿದ್ದರೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳ ಕಟ್ಟೇ ಸಾಕು. ಚಿಪ್ಪು ನುಚ್ಚುನೂರಾಗಿದ್ದರೆ ತೆರೆದ ಶಸ್ತ್ರಕ್ರಿಯೆಯೇ ಬೇಕಾಗಬಹುದು. ಗಾಯವಾಗಿ ಕೀಲು ತೆರೆದಿದ್ದರೆ ಒಂದು ರಾತ್ರಿಯೂ ತಡಮಾಡಲಾಗದು. ಚಿಪ್ಪು ಚರ್ಮದ ಅಡಿಯಲ್ಲೇ ಇರುವುದರಿಂದ ತಿರುಪು ತಂತಿಗಳು ಮುಂದೆ ಚುಚ್ಚಿ, ತೆಗೆಸಬೇಕಾದೀತು.

ಬಿದ್ದವರನ್ನು ನಡೆಸಬೇಡಿ. ಕಾಲನ್ನು ನೆಟ್ಟಗಿರಿಸಿ, ಹಲಗೆಗೆ ಬಟ್ಟೆ ಸುತ್ತಿ ಹಿಂಬದಿಗೆ ಸಡಿಲವಾಗಿ ಕಟ್ಟಿರಿ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಆಗಾಗ್ಗೆ ಇಡಿರಿ. ಎಣ್ಣೆ ತಿಕ್ಕುವುದು, ಬಲಾತ್ಕಾರವಾಗಿ ಮಡಿಸುವುದು, ಎಳೆದು ಕಟ್ಟುವುದು ಸರ್ವಥಾ ಕೂಡದು. ಚಿಕಿತ್ಸೆಯಾದಮೇಲೆ ವೈದ್ಯರು ಹೇಳಿದ ವ್ಯಾಯಾಮವನ್ನು ಬಿಡಬಾರದು; ಬಿಟ್ಟರೆ ಎಲುಬು ಕೂಡಿಯೂ ಮಂಡಿಯು ಮರಗಟ್ಟೀತು.

ನೆಲದ ಮೇಲೆ ಕುಳಿತು ಉಣ್ಣುವುದು, ದೇವರ ಮುಂದೆ ಮಂಡಿಯೂರುವುದು, ಮಗುವನ್ನೆತ್ತಿಕೊಂಡು ಮೆಟ್ಟಿಲೇರುವುದು, ಇವೆಲ್ಲ ಈ ಸಣ್ಣ ಎಲುಬನ್ನು ನಂಬಿವೆ. ಮನೆಯಾಕೆಯು “ಏನೂ ಆಗಲಿಲ್ಲ” ಎಂದಾಗ ಆ ಮಾತಿಗೆ ಸುಮ್ಮನಾಗದೆ, ಅಂದೇ ವೈದ್ಯರಲ್ಲಿಗೆ ಕರೆದೊಯ್ಯುವುದು ಮನೆಯವರೆಲ್ಲರ ಕರ್ತವ್ಯ.