ಹೃದಯದ ಕವಾಟ ಮತ್ತು ಅಣುವ್ರತ

ನೀರನ್ನು ಸೋಸಿಯೇ ಕುಡಿಯುವ, ಸೂರ್ಯಾಸ್ತದ ನಂತರ ಆಹಾರ ಮುಟ್ಟದ ಶ್ರಾವಕರಿಗೆ ಹೃದಯದ ಕವಾಟ ಬದಲಿಸಬೇಕೆಂದು ವೈದ್ಯರು ಹೇಳಿದರೆ, ಆ ಹೊಸ ಕವಾಟ ಯಾವುದರಿಂದ ಆದದ್ದೆಂದು ಕೇಳಲು ಆತಂಕದಲ್ಲಿ ಯಾರಿಗೂ ತೋಚದು.

ಕೃತಕ ಕವಾಟಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಯಾಂತ್ರಿಕ. ಇನ್ನೊಂದು ಹಂದಿಯ ಕವಾಟದಿಂದಲೋ ದನದ ಹೃದಯವನ್ನು ಆವರಿಸಿದ ಪೊರೆಯಿಂದಲೋ ಸಿದ್ಧಪಡಿಸಿದ್ದು. ಪ್ರಾಣಿಯ ಅಂಗಾಂಶವನ್ನು ಹಾಗೆಯೇ ಇಟ್ಟರೆ ಅದು ಬೇಗ ಶಿಥಿಲವಾಗುತ್ತದೆ. 1960ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ಅಲೈನ್ ಕಾರ್ಪೆಂಟಿಯರ್ ಅದನ್ನು ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ ಸಂಸ್ಕರಿಸುವ ದಾರಿ ತೋರಿದರು. ಚರ್ಮ ಹದಮಾಡುವುದಕ್ಕೆ ಹತ್ತಿರವಾದ ಕೆಲಸವದು. ಅಂಗಾಂಶದ ಕೊಲಾಜನ್ ಎಳೆಗಳು ಪರಸ್ಪರ ಬೆಸೆದು ಗಟ್ಟಿಯಾಗುತ್ತವೆ. ಆದರೂ ಕಾಲಕ್ರಮದಲ್ಲಿ ಸುಣ್ಣದ ಅಂಶ ಸೇರಿ ಕವಾಟ ಬಿಗಿಯುತ್ತದೆ. ಸಾಮಾನ್ಯವಾಗಿ 10ರಿಂದ 15 ವರ್ಷಗಳ ಬಾಳಿಕೆ. ಅದನ್ನು ಹೆಚ್ಚಿಸಲು ಹೊಸ ರಾಸಾಯನಿಕ ಸಂಸ್ಕರಣೆಗಳ ಯತ್ನ ನಡೆದೇ ಇದೆ.

ಇಷ್ಟೆಲ್ಲ ಸಂಸ್ಕರಣೆಯಾದ ಮೇಲೆ ಅದು ಬರಿಯ ಅಜೀವ ಪುದ್ಗಲ, ದೋಷವೇನು ಎಂದು ವಾದಿಸಬಹುದು. ನನಗದು ಒಪ್ಪಿಗೆಯಿಲ್ಲ. ಅಜೀವವಾದದ್ದು ನಿಜ, ಹಾಗಾಗಿಸಿದ್ದು ಕಸಾಯಿಖಾನೆಯೇ ಹೊರತು ರಾಸಾಯನಿಕವಲ್ಲ. ಕೃತ, ಕಾರಿತ, ಅನುಮೋದನೆ ಮೂರನ್ನೂ ಎಣಿಸುವ ಧರ್ಮದಲ್ಲಿ ‘ನಾನು ಕೊಲ್ಲಲಿಲ್ಲ’ ಎಂಬಷ್ಟಕ್ಕೆ ಸಮಾಧಾನ ದೊರೆಯದು.

ಹಾಗೆಂದು ರೋಗಿಯನ್ನು ದೂಷಿಸುವುದು ಸಲ್ಲದು. ಯಾಂತ್ರಿಕ ಕವಾಟ ದೀರ್ಘಕಾಲ ಬಾಳಿದರೂ ರಕ್ತ ಹೆಪ್ಪುಗಟ್ಟದಂತೆ ಜೀವನಪರ್ಯಂತ ಔಷಧ ಬೇಕು. ವೃದ್ಧರಿಗೆ ರಕ್ತಸ್ರಾವದ ಭಯ. ಆದ್ದರಿಂದಲೇ ಕಿರಿಯರಿಗೆ ಯಾಂತ್ರಿಕವನ್ನೂ ವೃದ್ಧರಿಗೆ ಅಂಗಾಂಶದ ಕವಾಟವನ್ನೂ ಸೂಚಿಸುವ ವಾಡಿಕೆಯಿದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಎಂ.ಎಸ್. ವಲಿಯತ್ತಾನ್ ಮತ್ತು ಸಂಗಡಿಗರು ರೂಪಿಸಿ, 1990ರಲ್ಲಿ ಮೊದಲ ಬಾರಿಗೆ ರೋಗಿಗೆ ಅಳವಡಿಸಿದ ಚಿತ್ರಾ ಕವಾಟದಲ್ಲಿರುವುದು ಲೋಹದ ಚೌಕಟ್ಟು, ಪ್ಲಾಸ್ಟಿಕ್ ಬಿಲ್ಲೆ. ವೈದ್ಯರು ಸಮ್ಮತಿಸಿದರೆ ಶ್ರಾವಕರು ಇಂಥದ್ದನ್ನೇ ಬಯಸಲಿ. ಬಯಸಿ ಪಡೆದವರು ಗರ್ವಪಡಬೇಕಿಲ್ಲ: ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಹೆಪಾರಿನ್ ಔಷಧ ಬಹುಮಟ್ಟಿಗೆ ಹಂದಿಯ ಕರುಳಿನಿಂದಲೇ ಬರುತ್ತದೆ.

ಅನ್ಯಮಾರ್ಗವಿಲ್ಲದವರ ಸ್ಥಿತಿ ಬೇರೆ. ಹಿಂಸೆಯ ಲಕ್ಷಣದಲ್ಲಿ ಪ್ರಮಾದಕ್ಕೆ ತತ್ತ್ವಾರ್ಥಸೂತ್ರ ಮೊದಲ ಸ್ಥಾನ ಕೊಟ್ಟಿದೆ. ವಿಚಾರಿಸಿ ತಿಳಿದು, ನೊಂದು, ಗುರುಗಳಲ್ಲಿ ಪ್ರಾಯಶ್ಚಿತ್ತ ಬೇಡಿ ಒಪ್ಪಿದವರ ಭಾವವೇ ಬೇರೆ, ಕೇಳದೆಯೇ ಸಹಿ ಹಾಕಿದವರ ಭಾವವೇ ಬೇರೆ. ಅವರ ಪಾಲಿಗೆ ಬಾಳಿಕೆ ಹೆಚ್ಚುವುದೂ ಸಣ್ಣ ಮಾತಲ್ಲ. ಎರಡನೆಯ ಶಸ್ತ್ರಚಿಕಿತ್ಸೆ ತಪ್ಪಿದರೆ ಎರಡನೆಯ ಪ್ರಾಣಿಯ ಅಂಗಾಂಶವೂ ಬೇಡ. ಆದರೆ ಬಾಳಿಕೆ ಹೆಚ್ಚಿದಷ್ಟೂ, ಇಂದು ಯಾಂತ್ರಿಕ ಕವಾಟ ಪಡೆಯುವ ಕಿರಿಯರೂ ನಾಳೆ ಅತ್ತಲೇ ಒಲಿದಾರು. ಆಗ ಬೇಡವೆನ್ನುವ ಅವಕಾಶ ಇದ್ದವರೇ ಬೇಡಿಕೆಯನ್ನು ಬೆಳೆಸಿದಂತಾಗುತ್ತದೆ.